ಸೊಲೊಲಾಕಿಯ ಕಿಟಕಿ

ನಾನುಲಿ ಚಾಕು ಮುಟ್ಟುವುದಿಲ್ಲ.
ಬಿಸಿ ಎಣ್ಣೆಯಲ್ಲದ್ದಿದ ಬಟ್ಟೆಯನ್ನು ಅಂಚಿಗೊತ್ತಿ
ಕಾಯುತ್ತಾಳೆ, ಜ್ವರದ ಹಣೆಗೆ ಹಿಡಿದಂತೆ.

ಕೆಂಪು ಗಾಜು, ಮುತ್ತಜ್ಜಿ ಕಾಲದ್ದು, ಹಪ್ಪಳದಷ್ಟು ತೆಳು.
ಸುತ್ತ ಕಲ್ಲಾದ ಪುಟ್ಟಿ, ಬೆರಳಲ್ಲೇ ಮೆತ್ತಿದ್ದು.
“ಯಾವ ಒರಟನ ಕೆಲಸವೋ!”
ಬಿದಿರುಕಡ್ಡಿಯ ತುದಿಯಿಂದ ಎಬ್ಬಿಸುತ್ತಾಳೆ
ಒಂದೊಂದೇ ಚಕ್ಕೆ,
ಗಾಜಿಗೆ ಗೊತ್ತಾಗದ ಹಾಗೆ.

ಬಾಗಿಲಲ್ಲಿ ಮುದುಕ ಗುರಾಮ್ ಕೆಮ್ಮಿದ:
“ನಾನೇ. ಆ ಚಳಿಗಾಲ ತ್ಬಿಲಿಸಿಯಲ್ಲಿ
ಕರೆಂಟಿಲ್ಲ, ಗ್ಯಾಸಿಲ್ಲ,
ಬ್ರೆಡ್ಡಿಗೆ ಅರ್ಧ ರಾತ್ರಿಯಿಂದ ಸಾಲು.
ಒಳಗೆ ಎಳೆ ಕೂಸು.”

ಅವಳು ಏನೂ ಅನ್ನಲಿಲ್ಲ. ಬಟ್ಟೆ ಮತ್ತೆ ಅದ್ದಿದಳು.
ಕೈ ಇನ್ನಷ್ಟು ನಿಧಾನವಾಯಿತು.

ಮೂಲೆಯ ಕೊನೆಯ ತುಂಡು ಇಡಿಯಾಗಿಯೇ ಬಂತು,
ಅದರ ಮೇಲೊಂದು ಹೆಬ್ಬೆರಳ ಗುರುತು.
ಗುರಾಮ್ ಅದನ್ನು ಕೋಟಿನ ಜೇಬಿಗಿಳಿಸಿದ.

ಇಷ್ಟು ವರ್ಷ ಹೊರಗೇ ನಿಂತಿದ್ದ ಗಾಳಿ
ಸಂದಿನಿಂದ ಒಳಬಂದು
ಅವನ ಕುತ್ತಿಗೆ ಮುಟ್ಟಿತು.