ಸುಣ್ಣದ ಗೆರೆ

ಏಳು ಪಂದ್ಯ, ಎರಡು ಗೋಲು.
ಅದರಲ್ಲೊಂದು ಎದುರಿನವನೇ ಕಾಲು ಜಾರಿ
ತನ್ನ ಬಲೆಗೆ ತಾನೇ ಹೊಡೆದುಕೊಂಡದ್ದು.
ಲೆಕ್ಕ ಬರೆಯುವವನು ನಾನು, ಸುಳ್ಳು ಬರೆಯಲಾರೆ.

ಸಿದ್ದಾಪುರದಲ್ಲಿ ಸಂತೆಯ ದಿನ
ಲತೀಫನ ಟೈರ್ ಅಂಗಡಿಯ ಹಿಂದೆ ಸಭೆ.
ವಿಷಯ ಒಂದೇ: ವರ್ಕಿ ಮಾಸ್ತರರನ್ನು
ಇಟ್ಟುಕೊಳ್ಳುವುದೋ, ಕಳಿಸುವುದೋ.

ಜೆರ್ಸಿಗೆ ದುಡ್ಡು ಕೊಟ್ಟ ಉತ್ತಯ್ಯನವರು
ಕೈಗಡಿಯಾರ ನೋಡುತ್ತಲೇ ಅಂದರು:
"ಹಾಕಿಯಾಗಿದ್ದರೆ ಇಷ್ಟು ಹೊತ್ತಿಗೆ
ಮೂವರು ಕೋಚ್ ಬದಲಾಗುತ್ತಿದ್ದರು."
ನಿಜ. ಇಲ್ಲಿ ಕೋಲು ಹಿಡಿದವರಿಗೆ ಮನೆತನದ ಮಾನ,
ಬರೀ ಕಾಲು ನಂಬಿದವರು ನಾವು,
ಲೈನ್‌ಮನೆಯವರು, ಲಾರಿ ಲೋಡಿಂಗಿನವರು,
ಹಾಡಿಯಿಂದ ನಡೆದೇ ಬರುವ ಪಾಲ.

ದೂರುಗಳೇನು ಕಡಿಮೆಯೇ?
ಇಪ್ಪತ್ತು ವರ್ಷದ ಹಿಂದಿನ ಆಟವನ್ನೇ ಆಡಿಸುತ್ತಾರೆ.
ತಂಗಿಯ ಮಗ ಜಿಬಿನ್ ಓಡಲಾರ,
ಆದರೂ ಹತ್ತನೇ ನಂಬರು ಅವನದೇ.
"ಅವನ ಅಂಗಿಯಲ್ಲಿ ಮಣ್ಣೇ ಇರುವುದಿಲ್ಲ," ಎಂದಳು
ಜೆರ್ಸಿ ಒಗೆಯುವ ಕುಂಞಿಪಾತು.
ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?
ಅಮ್ಮತ್ತಿಯವರೆದುರು ಸೋಲುತ್ತಿದ್ದಾಗಲೂ
ಬದಲಿ ಆಟಗಾರನನ್ನು ಇಳಿಸಲಿಲ್ಲ.
ಕೇಳಿದರೆ, "ಅವನ ಬೂಟು ಇವನ ಕಾಲಲ್ಲಿತ್ತು."
ನಗಬೇಡಿ. ಬೂಟು ಒಂಬತ್ತೇ ಜೊತೆ,
ನನ್ನ ಪುಸ್ತಕದಲ್ಲೇ ಇದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನಮ್ಮ ನೆಲ ಡೊಂಕೇ ಹೌದು.
ಮೊನ್ನೆ ರಾತ್ರಿ ತೋಟದಿಂದ ಇಳಿದ ಆನೆಗಳು
ಎಡಗಡೆ ಪೆನಾಲ್ಟಿ ಬಾಕ್ಸಿನಲ್ಲಿ
ಹದಿನಾರು ಗುಂಡಿ ಒತ್ತಿ ಹೋಗಿವೆ.
ಅದಕ್ಕೂ ಮಾಸ್ತರರೇ ಹೊಣೆಯೆ ಎಂದೆ.
"ಹಳೇ ಗುಂಡಿಗಳಲ್ಲೇ ಓಡಿ ಹೋದ ವಾರ
ಅವರು ನಾಲ್ಕು ಹೊಡೆದರಲ್ಲ," ಎಂದ ಲತೀಫ್.
ಉತ್ತರ ಹೊಳೆಯಲಿಲ್ಲ. ಚಹಾ ಆರಿತ್ತು.

ಕೈ ಎತ್ತಿದರು. ನಾಲ್ಕು, ನಾಲ್ಕು.
ನನ್ನ ಕೈಯಲ್ಲಿ ಪೆನ್ನಿತ್ತು.
ಪೆನ್ನು ಹಿಡಿದ ಕೈಯನ್ನೇ ಎತ್ತಿದೆ,
ಕಳಿಸುವುದಕ್ಕೆ.

ಪತ್ರ ತಲುಪಿಸುವುದೂ ಬರೆದವನ ಕೆಲಸವಂತೆ.
ಬೆಳಿಗ್ಗೆ ಆರೂವರೆ. ಗೋಲಿನ ಕಂಬಗಳನ್ನು
ಮಂಜು ನುಂಗಿತ್ತು. ಒಳಗಿಂದ ಒಂದು ಕೆಮ್ಮು,
ಆಮೇಲೆ ಬಕೆಟ್ಟಿನ ಸದ್ದು.
ಲುಂಗಿ ಎತ್ತಿ ಕಟ್ಟಿದ ಮಾಸ್ತರರು, ಒಬ್ಬರೇ,
ಆನೆಗುಂಡಿಗೆ ಮಣ್ಣು ತುಂಬಿ ತುಳಿದು
ಸುಣ್ಣ ಕಲಸುತ್ತಿದ್ದರು.
"ಬಂದೆಯಾ ಸುಕುಮಾರ? ಈ ತುದಿ ಹಿಡಿ,"
ಹಗ್ಗ ಎಸೆದರು.

ಹಿಡಿದೆ. ಹಳೆಯ ಗೋಲಿ ನಾನು,
ನನ್ನತ್ತ ಬಂದದ್ದನ್ನು ಬಿಡಲು ಕೈಗೆ ಬರುವುದಿಲ್ಲ.
ಆ ಕಡೆ ಅವರು ಎಳೆದರು, ಈ ಕಡೆ ನಾನು ಬಗ್ಗಿದೆ,
ಕಿಸೆಯಲ್ಲಿ ಕಾಗದ ಚರಕ್ಕೆಂದಿತು.

"ಹೊಸಬ ಯಾರು?" ತಲೆ ಎತ್ತಲಿಲ್ಲ.
"ಇನ್ನೂ ಇಲ್ಲ."
"ಯಾರೇ ಬರಲಿ, ಪಾಲನನ್ನು ಎಡಗಡೆ ಆಡಿಸಬೇಡ ಅನ್ನು.
ಆ ಹುಡುಗ ಬಲಗಡೆಯವನು.
ನನಗೆ ತಿಳಿಯಲು ಏಳು ಪಂದ್ಯ ಬೇಕಾಯಿತು."

ಇದನ್ನು ಮೊದಲೇ ಕೇಳಿದ್ದರೆ
ನನ್ನ ಕೈ ಕೆಳಗೇ ಇರುತ್ತಿತ್ತೋ ಏನೋ.
ಏಳರಲ್ಲಿ ಕಲಿತ ಕಣ್ಣಿಗೆ ಎಂಟನೆಯದು ಕೊಡಬೇಕೋ,
ಏಳು ತಿಂದಿತೆಂದೇ ಕಳಿಸಬೇಕೋ,
ನಿರ್ಣಯ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಗೇಟಿನ ಹತ್ತಿರ ಹುಡುಗರ ಸೈಕಲ್ ಬೆಲ್ಲು.
ಕಾಫಿ ಕೊಯ್ಲಿನ ತಿಂಗಳು, ಐದೇ ಜನ.
ಪಾಲ ಬರಿಗಾಲಲ್ಲಿ ಇಬ್ಬನಿ ಒದೆಯುತ್ತ ಬಂದ.
"ಬಿಗಿಯಾಗಿ ಹಿಡಿ ಮಾರಾಯ,
ಕಾರ್ನರ್ ಇನ್ನೂ ಬಾಕಿ ಉಂಟು."

ಎಡಗೈಯಲ್ಲಿ ಹಗ್ಗ, ಬಲಗೈ ಕಿಸೆಯ ಮೇಲೆ.
ಗೆರೆ ಕೊಂಚ ಸೊಟ್ಟ ಬಂತು,
ನನ್ನ ತುದಿಯಲ್ಲಿ.