ಇನ್ನೂರ ಇಪ್ಪತ್ತರ ಕೊಡಲಿ

ಎಸ್.ಜೆ.ಪಿ. ರಸ್ತೆಯಲ್ಲಿ ನಟ್ಟು ಬೋಲ್ಟಿನ ಅಂಗಡಿ ದಾಟಿ,
ಹಗ್ಗ ಸರಪಳಿ ತಕ್ಕಡಿ ದಾಟಿ,
ಗೋಣಿತಾಟಿನ ಮೇಲೆ ಮಲಗಿದ್ದವು ಕೈಗೊಡಲಿಗಳು
ಜ್ವರ ಬಂದ ಮಕ್ಕಳ ಹಾಗೆ ಸಾಲಾಗಿ.
ಎಲ್ಲಕ್ಕೂ ಒಂದೇ ಕೆಂಪು ಬಣ್ಣ, ಒಂದೇ ಬೆಲೆ.

"ಎಲ್ಲಾ ಒಂದೇ ಮಾಲು ಅಮ್ಮಾ,
ಕಣ್ಮುಚ್ಕೊಂಡು ಎತ್ಕೊಳ್ಳಿ" ಅಂದ ನಯಾಜ್.
ನಾನು ಕಣ್ಣು ತೆರೆದೇ ಕುಕ್ಕರುಗಾಲಲ್ಲಿ ಕೂತೆ,
ಹುಳುಕಿಲ್ಲದ ಬದನೆಕಾಯಿ ಆರಿಸುವವಳಂತೆ.

ಬಣ್ಣ ತುಕ್ಕಿನ ಮೇಲೂ ಕೂರುತ್ತದೆ,
ಅದನ್ನು ನೋಡಬಾರದು.
ಐದು ರೂಪಾಯಿಯ ನಾಣ್ಯದಿಂದ ಬಡಿದೆ.
ಟಿಣ್ ಅಂದವು ಕೆಲವು;
ಬಿರುಕು ಮಡಕೆಯ ಹಾಗೆ ದಡ್ ಅಂದವನ್ನು ಆಚೆ ತಳ್ಳಿದೆ.
ಟಿಣ್ ಅಂದವುಗಳಲ್ಲೂ ಎರಡರ ಬಾಯಂಚಲ್ಲಿ ನೀಲಿ ಕಲೆ:
ಸಾಣೆ ಹಿಡಿದವನಿಗೆ ಊಟದ ಹೊತ್ತಾಗಿತ್ತೇನೋ,
ಒತ್ತಿ ಒತ್ತಿ ಹದ ಸುಟ್ಟಿದ್ದಾನೆ.
ಅವನ ಮೇಲೇನೂ ಸಿಟ್ಟಿಲ್ಲ. ಕೊಡಲಿ ಮಾತ್ರ ಬೇಡ.

ಇನ್ನು ಕಾವು.
ಸೌದೆ ಡಿಪೋದ ಸವರಿಯಪ್ಪ ಹೇಳಿಕೊಟ್ಟದ್ದು ಇದು,
ಎಂಟೇ ಬೆರಳಲ್ಲಿ ತೋರಿಸಿ:
ಬುಡ ತಿರುಗಿಸಿ ನೋಡು,
ಬಾಯಿ ನೋಡುವ ಕಡೆಗೇ ಎಳೆಯೂ ನೋಡಬೇಕು,
ಅಡ್ಡ ಹೋದ ಎಳೆ ಒಂದು ದಿನ ಅಡ್ಡ ಬರುತ್ತೆ.
ಗಂಟಿದ್ದರೆ ಬಿಡು. ಮಿಂಚಿದರೆ ಅನುಮಾನ ಪಡು,
ವಾರ್ನೀಷಿನ ಅಡಿಯಲ್ಲಿ
ಹಸಿ ನೀಲಗಿರಿಯೂ ತೇಗ ಆಗುತ್ತೆ.

ಉಗುರಲ್ಲಿ ಕೆರೆದೆ. ಕೊಡಲಿಯ ಕಣ್ಣಿನೊಳಗೆ
ಬೆಣೆ ಇರಬೇಕಾದಲ್ಲಿ
ಮರದ ಪುಡಿ, ಗೋಂದು.
ನಯಾಜ್ ಮುಖ ಆಚೆ ಮಾಡಿ ಟೀ ಕುಡಿದ.
"ಇನ್ನೂರ ಇಪ್ಪತ್ತಕ್ಕೆ ಇನ್ನೇನ್ ಬರುತ್ತೆ ಅಮ್ಮಾ."

ಕೇಳಿದ್ದು ತಪ್ಪಲ್ಲ.
ನನ್ನ ಮುದ್ದೆ ಊಟಕ್ಕೂ ಅರವತ್ತೇ ರೂಪಾಯಿ,
ಯಶವಂತಪುರದ ಹಮಾಲರು ಕೇಳುತ್ತಾರೆ ಅದನ್ನೇ, ತಟ್ಟೆ ನೋಡಿ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಗಾದೆ.
ಮರದ ಕುಲದ ಮಾತು ಅದು.
ಕಾವೇ ಸಡಿಲವಾದರೆ
ಯಾರ ಕುಲಕ್ಕೆ ಅಂತ
ಗಾದೆ ಕಟ್ಟಿದವರು ಹೇಳಲಿಲ್ಲ,
ಅವರು ಸೌದೆ ಸೀಳಿದವರಲ್ಲ.

ಕಳೆದ ಗುರುವಾರ ಪಬಿತ್ರ ಎತ್ತಿದ ಕೊಡಲಿಯಿಂದ
ಕಬ್ಬಿಣ ಕಳಚಿ ಹಿಂದಕ್ಕೆ ಹಾರಿತು
ಅವನ ಕಿವಿ ಸವರಿ,
ಅನ್ನದ ತಪ್ಪಲೆಗೆ.
(ಪಬಿತ್ರ ಒಡಿಶಾದ ಹುಡುಗ. ಬಂದ ಹೊಸದರಲ್ಲಿ
ಹೆಣ್ಣುಮಕ್ಕಳ ಹೆಸರು ಅಂತ ಎಲ್ಲರೂ ನಕ್ಕಿದ್ದೆವು.)
ಕೈಯಲ್ಲಿ ಬರೀ ಕೋಲು ಹಿಡಿದು ನಿಂತವನು
"ಅಕ್ಕಾ, ತಲೆ ಹೋಯ್ತು" ಅಂದ,
ಕೊಡಲಿಯದು ಅನ್ನಲು ಮರೆತು.
ಆವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.
ತಪ್ಪಲೆಯ ತಗ್ಗು ಹಾಗೇ ಇದೆ.

ಇದ್ದುದರಲ್ಲಿ ಒಂದನ್ನು ಆರಿಸಿದೆ:
ಬಣ್ಣ ಅರ್ಧ ಬಳಿದದ್ದು, ಕಾವು ಕೊಂಚ ದಪ್ಪ,
ಎಳೆ ನೆಟ್ಟಗೆ, ಮೂತಿ ಸೊಟ್ಟಗೆ.
ಹತ್ತು ರೂಪಾಯಿ ಬಿಡಿಸಿಕೊಂಡೆ, ಗೋಂದಿನ ಲೆಕ್ಕಕ್ಕೆ.
ಮನೆಯಲ್ಲಿ ಕಾವು ಬಿಚ್ಚಿ, ಗಾಜಿನ ಚೂರಲ್ಲಿ ವಾರ್ನೀಷು ಹೆರೆದು,
ಅವನ ಅಂಗೈ ಅಳತೆಗೆ ತೆಳ್ಳಗೆ ಮಾಡಿ
ಹರಳೆಣ್ಣೆ ಕುಡಿಸಿದೆ.
ಮುರಿದ ಮಣೆಯ ಕಾಲಿಂದ ಬೆಣೆ.
ನೀರಲ್ಲಿ ನೆನೆಸಿದರೆ ಬಿಗಿಯುತ್ತೆ ಅಂದಳು ಪಕ್ಕದ ಚೌಡಮ್ಮ.
ಬಿಗಿಯುತ್ತೆ, ಒಣಗುವ ತನಕ.

ಒಳ್ಳೆಯದೋ ಅಂತ ಕೇಳಬೇಡಿ,
ಇನ್ನೂ ಗೊತ್ತಿಲ್ಲ.
ಬೆಳಗಿನ ಐದಕ್ಕೆ, ಒಲೆ ಹಚ್ಚುವ ಮುಂಚೆ,
ಅವನನ್ನು ಬಾಗಿಲಾಚೆ ನಿಲ್ಲಿಸಿ
ಮೊದಲ ನಾಲ್ಕು ಏಟು ನಾನೇ ಹಾಕುತ್ತೇನೆ.
ಹೆಬ್ಬೆರಳಿಂದ ಕಣ್ಣು ಮುಟ್ಟಿ ನೋಡುತ್ತೇನೆ.
ಆಮೇಲೆ, ತಗೋ.