ಸೋತ ಜಾಗ

ಗುರುಮಠಕಲ್ ಹುಡುಗರು ಒಂದೂ ಸೋತಿರಲಿಲ್ಲ.
ಏಳು ಆಟ. ಏಳನೇದು ಇದೇ ಕಲಬುರಗಿ ಬಿಸಲಾಗ,
ಗೋಲಿ ಮಶಾಕ ಮೂಗಿನಾಗ ರಕ್ತ ಸೋರಿದ್ರೂ
ಕಂಬ ಬಿಡಲಿಲ್ಲ.
ಕಣ್ಣಾರೆ ಕಂಡೀನಿ, ಸುಣ್ಣದ ಡಬ್ಬಿ ಹಿಡಕೊಂಡು.

ಕೂಲರ್ ಹಚ್ಚಿದ ಕೋಣ್ಯಾಗ
ಐದು ಮಂದಿ ಕೂತು ನಾಲ್ಕು ಕಾಲೇಜಿನ ಹೆಸರು ಬರದರು.
"ಗೆದ್ದದ್ದು ಖರೆ. ಆದ್ರ ಯಾರ ಮ್ಯಾಲ?"
ಅಂದರಂತ ಒಬ್ಬರು, ಚಹಾದಾಗ ಬಿಸ್ಕೀಟು ಅದ್ದಿ.

ಯಾರ ಮ್ಯಾಲ ಅಂದ್ರ,
ನೀವೇ ಚೀಟಿ ಎತ್ತಿ ಕಳಿಸಿದವರ ಮ್ಯಾಲ್ರೀ!

ಎರಡು ಸಲ ಸೋತ ಕಾಲೇಜು ಒಳಗ ಹೋತು.
ಅದಕ್ಕ ಗ್ಯಾಲರಿ ಅದ, ಹಸಿರು ಹುಲ್ಲದ,
ಪೇಪರಿನಾಗ ಫೋಟೋ ಬರ್ತದ.

ನನಗೇನು, ನಾ ಗೆರಿ ಹೊಡಿಯಾಂವ.
ಮೂವತ್ತು ವರ್ಷ ಹಗ್ಗ ಜಗ್ಗಿ ಹೊಡದೀನಿ.
ಚೆಂಡು ದಾಟಿದ್ರ ದಾಟ್ತು, ಇಲ್ಲಾಂದ್ರ ಇಲ್ಲ;
ಸುಣ್ಣಕ್ಕ ಊರ ಹೆಸರು ಗೊತ್ತಿರಂಗಿಲ್ಲ.

ಸಂಜಿಮುಂದ ಮಶಾಕ ಬಂದ, ಕೈಯಾಗ ಆ ಕಾಗದ.
"ಕಾಕಾ, ಸೋತಿದ್ದೆಲ್ಲಿ ಅಂತ ಇದರಾಗ ಬರೆದಿಲ್ಲ.
ಆ ಜಾಗ ತೋರಸ್ರಿ,
ಅಲ್ಲಿಂದ ಮತ್ತ ಆಡ್ತೀವಿ."

ಡಬ್ಬಿಯೊಳಗ ಇನ್ನೂ ಸುಣ್ಣ ಇತ್ತು.
ಎಲ್ಲಿ ಎಳೀಬೇಕೋ ತಿಳೀಲಿಲ್ಲ.